ಹುಲಿ ಎಷ್ಟು ದೂರದಲ್ಲಿದೆ?

2024ರ ಡಿಸೆಂಬರ್ 31ರ ನಸುಕಿನಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನ ಸಿಸಿಟಿವಿ ಕ್ಯಾಮೆರಾದಲ್ಲಿ ಚಿರತೆಯೊಂದು ಕಾಣಿಸಿಕೊಂಡಿತು. ಬೆಳಗಾಗುವಷ್ಟರಲ್ಲಿ ನೌಕರರಿಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂಬ ಸೂಚನೆ ಹೋಯಿತು. ತರಬೇತಿಗೆ ಬಂದಿದ್ದ ಸಾವಿರಾರು ಹುಡುಗ ಹುಡುಗಿಯರು ಹಾಸ್ಟೆಲಿನಲ್ಲೇ ಉಳಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿಗೆ ನೆಂಟರ ಗುಂಪು, ಅಪಾರ್ಟ್‌ಮೆಂಟಿನ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು ಎಲ್ಲದರಿಂದಲೂ ಚಿರತೆಯ ವಿಡಿಯೊಗಳು ಬಂದವು. ಅವುಗಳಲ್ಲಿ ಕೆಲವು ಆ ಚಿರತೆಯವೇ ಅಲ್ಲ, ಯಾವುದೋ ಊರಿನ ಯಾವುದೋ ವರ್ಷದವು. ಸಂಜೆ ಊರಿನಿಂದ ಅವ್ವ ಫೋನ್ ಮಾಡಿದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಅವಳು ಕೇಳಿದ್ದು ಮೂರೇ ಮಾತು: “ಎತ್ತಗಿಂದ ಬಂತಂತೆ? ಯಾವ ಹೊತ್ನಲ್ಲಿ? ಎತ್ತಗೋಯ್ತಂತೆ?”

ನನಗೆ ಬಂದಿದ್ದ ಅಷ್ಟೊಂದು ಮೆಸೇಜುಗಳಲ್ಲಿ ಈ ಮೂರರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ.

ನಾನು ಹುಟ್ಟಿದ್ದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಂಚಿನ ಊರೊಂದರಲ್ಲಿ. ಈಗ ಮೈಸೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತೇನೆ. ಭಯದ ಅಧ್ಯಾಯಕ್ಕೆ ಬಂದಾಗಲೆಲ್ಲ ಈ ಎರಡು ಊರುಗಳ ನಡುವೆ ನನ್ನ ಮನಸ್ಸು ಓಡಾಡುತ್ತದೆ. ಹುಲಿ ಚಿರತೆಗಳಿಗೆ ಮನುಷ್ಯ ಹೆದರುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಆ ಹೆದರಿಕೆ ಒಂದೇ ಅಲ್ಲ, ಪ್ರಾಣಿ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅದು ಬೇರೆ ಬೇರೆಯೇ ಆಗಿಬಿಡುತ್ತದೆ ಎನ್ನುವುದು ಅಷ್ಟಾಗಿ ಗೊತ್ತಿಲ್ಲ.

ಇದನ್ನು ಲ್ಯಾಬಿನಲ್ಲೇ ತೋರಿಸಿದವರಿದ್ದಾರೆ. 2007ರಲ್ಲಿ ಲಂಡನ್ನಿನಲ್ಲಿ ಡೀನ್ ಮಾಬ್ಸ್ ಮತ್ತು ಸಂಗಡಿಗರು ಜನರನ್ನು ಮಿದುಳಿನ ಸ್ಕ್ಯಾನರಿನೊಳಗೆ ಮಲಗಿಸಿ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲೆ ಒಂದು ಚಕ್ರವ್ಯೂಹ, ಅದರೊಳಗೆ ಆಡುವವನನ್ನು ಅಟ್ಟಿಸಿಕೊಂಡು ಬರುವ ಒಂದು ಚುಕ್ಕೆ. ಸಿಕ್ಕಿಬಿದ್ದರೆ ಕೈಗೆ ನಿಜವಾದ ಕರೆಂಟ್ ಶಾಕ್. ಬೇಟೆಗಾರ ಚುಕ್ಕೆ ದೂರದಲ್ಲಿರುವಾಗ ಮಿದುಳಿನ ಮುಂಭಾಗ ಚುರುಕಾಗಿತ್ತು. ಯಾವ ದಾರಿ ಹಿಡಿಯಲಿ, ಎಲ್ಲಿ ತಿರುಗಲಿ ಎಂದು ಯೋಚಿಸುವ ಭಾಗ ಅದು. ಚುಕ್ಕೆ ಹತ್ತಿರ ಹತ್ತಿರ ಬಂದಂತೆ ಕೆಲಸ ಅಲ್ಲಿಂದ ಜಾರಿ, ಮಿದುಳಿನ ನಡುವೆ ಆಳದಲ್ಲಿರುವ ಪೆರಿಅಕ್ವೆಡಕ್ಟಲ್ ಗ್ರೇ ಎಂಬ ಪುಟ್ಟ ಜಾಗಕ್ಕೆ ಹೋಯಿತು. ಅಲ್ಲಿ ಯೋಚನೆಗೆ ಎಡೆಯಿಲ್ಲ. ಓಡು, ಒದೆ, ಇಲ್ಲವೇ ಕಲ್ಲಾಗು ಎನ್ನುವ ಕೆಲಸ ಮಾತ್ರ ಅದರದು. ಇಲಿಗೂ ಜಿಂಕೆಗೂ ನಮಗೂ ಆ ಭಾಗ ಇದೆ. ಆಟದ ಚುಕ್ಕೆಗೇ ಹೀಗಾದರೆ ಹುಲಿಗೆ ಏನಾದೀತು!

ತೀರಾ ಹತ್ತಿರದಲ್ಲಿ ಏನಾಗುತ್ತದೆ ಎಂದು ಬರೆದಿಟ್ಟವರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಪ್ರಸಿದ್ಧ. 1844ರಲ್ಲಿ ಆಫ್ರಿಕಾದ ದಕ್ಷಿಣಕ್ಕಿರುವ ಮಬೋಟ್ಸಾದಲ್ಲಿ ಸಿಂಹವೊಂದು ಆತನ ಹೆಗಲನ್ನು ಕಚ್ಚಿ ಅಲುಗಾಡಿಸಿತು, ತೋಳಿನ ಮೂಳೆ ಪುಡಿಯಾಯಿತು. ಆ ಹೊತ್ತಿನಲ್ಲಿ ತನಗೆ ನೋವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ, ನಡೆಯುತ್ತಿರುವುದೆಲ್ಲ ಗೊತ್ತಾಗುತ್ತಿದ್ದರೂ ಒಂದು ಬಗೆಯ ಮಂಪರಿನಲ್ಲಿದ್ದೆ ಎಂದು ಆತ ಬರೆದ. ನಮ್ಮ ಕಡೆ ಹುಲಿಯನ್ನು ಎದುರಾಬದುರು ಕಂಡವರು ಹೇಳುವುದೂ ಬಹುತೇಕ ಇದನ್ನೇ. ಕಾಲು ಏಳಲಿಲ್ಲ, ಕೂಗಬೇಕೆಂದರೆ ಗಂಟಲೇ ಬಿಡಲಿಲ್ಲ. ನಮ್ಮ ಚಿಕ್ಕಪ್ಪ ದನ ಮೇಯಿಸುತ್ತಿದ್ದಾಗ ಲಂಟಾನ ಪೊದೆಯ ಆಚೆ ಹುಲಿಯ ಮುಖ ಕಂಡಿದ್ದನ್ನು ಹೇಳುವಾಗ, ತಾನು ಹೇಡಿಯಂತೆ ನಿಂತುಬಿಟ್ಟೆ ಎಂಬ ನಾಚಿಕೆ ಅವನ ದನಿಯಲ್ಲಿ ಕೊನೆಯವರೆಗೂ ಇತ್ತು. ಹಾಗೆ ಕಲ್ಲಾಗಿ ನಿಲ್ಲುವುದು ಹೇಡಿತನವಲ್ಲ. ಆ ಗಳಿಗೆಯಲ್ಲಿ ಎದೆಬಡಿತ ಏರುವ ಬದಲು ಇಳಿಯುತ್ತದೆ, ಮೈ ಬಿಗಿಯುತ್ತದೆ, ಕಣ್ಣು ಕಿವಿ ಮಾತ್ರ ಎಚ್ಚರವಾಗಿರುತ್ತವೆ. ಅಲುಗಾಡುವುದರ ಮೇಲೆ ಬೇಟೆಗಾರ ಪ್ರಾಣಿಯ ಕಣ್ಣು ಬೇಗ ಬೀಳುತ್ತದೆಯಾದ್ದರಿಂದ, ಅಲುಗಾಡದೆ ನಿಂತ ಜೀವಗಳಲ್ಲಿ ಎಷ್ಟೋ ಉಳಿದುಕೊಂಡವು. ಅವುಗಳ ಸಂತತಿ ನಾವು. ಇದನ್ನು ನಾನು ಚಿಕ್ಕಪ್ಪನಿಗೆ ಬಿಡಿಸಿ ಹೇಳಿದ್ದೆ. ನಂಬಿದನೋ ಇಲ್ಲವೋ ತಿಳಿಯದು.

ಈ ಸಂತತಿಯ ಮಾತು ಬರಿಯ ಊಹೆಯಲ್ಲ. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ನಮ್ಮ ಬಂಧುಕುಲದ ಮಗುವೊಂದರ ತಲೆಬುರುಡೆ ಸಿಕ್ಕಿದೆ. ಹತ್ತು ಲಕ್ಷ ವರ್ಷಗಳಿಗಿಂತಲೂ ಹಳೆಯದು. ಅದರ ಹಿಂಭಾಗದಲ್ಲಿ ಎರಡು ತೂತುಗಳಿವೆ. ಸಿ.ಕೆ. ಬ್ರೈನ್ ಎಂಬ ವಿಜ್ಞಾನಿ ಅದೇ ಗುಹೆಯಲ್ಲಿ ಸಿಕ್ಕ ಚಿರತೆಯ ಕೆಳದವಡೆಯನ್ನು ತಂದು ಹೊಂದಿಸಿ ನೋಡಿದಾಗ ಎರಡು ಕೋರೆಹಲ್ಲುಗಳು ಆ ಎರಡು ತೂತುಗಳಿಗೆ ಸರಿಯಾಗಿ ಕುಳಿತವು. ಅದಕ್ಕೂ ಮುಂಚೆ, ಆದಿಮಾನವರೇ ಬೇಟೆಗಾರರು, ಗುಹೆಯ ಮೂಳೆರಾಶಿ ಅವರ ಊಟದ್ದು ಎಂದು ಹಲವರು ನಂಬಿದ್ದರು. ಆ ರಾಶಿಯಲ್ಲಿ ಊಟವಾದವರು ಅವರೇ ಎಂದು ಬ್ರೈನ್ ತೋರಿಸಿದ. ತರಗತಿಯಲ್ಲಿ ಈ ಚಿತ್ರ ಹಾಕಿದಾಗ ಮಕ್ಕಳು ಸದ್ದಿಲ್ಲದೆ ನೋಡುತ್ತಾರೆ.

ಹಾಗಾದರೆ ಹುಲಿಯ ಹೆದರಿಕೆ ಹುಟ್ಟಿನಿಂದಲೇ ಬಂದದ್ದೆ? ಅರ್ಧ ಹೌದು. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ದಕ್ಷಿಣ ಭಾರತದ ಕಾಡಿನಲ್ಲಿ ನಮ್ಮ ಸಾಮಾನ್ಯ ಕೋತಿಗಳಿಗೆ ಚಿರತೆಯ ಬೊಂಬೆ ತೋರಿಸಿ ಪರೀಕ್ಷೆ ಮಾಡಿದ್ದರು. ಹಳದಿ ಮೈಯ ಮೇಲೆ ಕಪ್ಪು ಚುಕ್ಕೆಯಿದ್ದ ಬೊಂಬೆಗೆ ಕೋತಿಗಳು ಬೆದರಿದಷ್ಟು ಕಪ್ಪು ಮೈಯ ಬೊಂಬೆಗೆ ಬೆದರಲಿಲ್ಲ. ಚುಕ್ಕೆಗಳ ಗುರುತು ಅವುಗಳ ಕಣ್ಣಿನೊಳಗೇ ಇದ್ದಂತಿದೆ. ಇನ್ನರ್ಧ ಕಲಿತದ್ದು. 1980ರ ದಶಕದಲ್ಲಿ ಅಮೆರಿಕದ ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್, ಲ್ಯಾಬಿನಲ್ಲೇ ಬೆಳೆದು ಹಾವಿನ ಭಯವೇ ಇಲ್ಲದಿದ್ದ ಕೋತಿಗಳಿಗೆ, ಕಾಡಿನಲ್ಲಿ ಬೆಳೆದ ಕೋತಿಗಳು ಹಾವು ಕಂಡು ಬೆಚ್ಚುವುದನ್ನು ತೋರಿಸಿದರು. ನೋಡಿದ್ದೇ ತಡ, ಅವೂ ಹೆದರಲು ಕಲಿತವು. ಆಮೇಲೆ ವಿಡಿಯೊವನ್ನು ಕತ್ತರಿಸಿ ಅಂಟಿಸಿ, ಅದೇ ಕೋತಿ ಹೂವು ಕಂಡು ಬೆಚ್ಚಿತು ಎನ್ನುವಂತೆ ಮಾಡಿ ತೋರಿಸಿದರು. ಹೂವಿಗೆ ಹೆದರಲು ಅವು ಕಲಿಯಲಿಲ್ಲ. ಯಾವುದಕ್ಕೆ ಬೇಗ ಹೆದರಬಹುದು ಎಂಬುದು ಹುಟ್ಟಿನಿಂದ ಬರುತ್ತದೆ, ನಿಜವಾಗಿ ಹೆದರುವುದನ್ನು ಮಾತ್ರ ಜೊತೆಯವರ ಮುಖ ನೋಡಿ ಕಲಿಯುತ್ತೇವೆ. ಮಗು ಕಲಿಯುವುದೂ ತಾಯಿಯ ಮುಖ ನೋಡಿಯೇ. ಈಗ ಆ ಮುಖಗಳ ಜೊತೆಗೆ ಫೋನಿನ ಪರದೆಯೂ ಸೇರಿದೆ.

ಫೋನಿನಲ್ಲಿ ಬರುವ ಚಿರತೆಗೆ ದೂರ ಎಂಬುದಿಲ್ಲ. ಅದು ಯಾವ ಜಿಲ್ಲೆಯದಾದರೂ ಅಂಗೈಯಷ್ಟು ಹತ್ತಿರ. ಮಾಬ್ಸ್ ತೋರಿಸಿದ ಲೆಕ್ಕದಲ್ಲಿ ನೋಡಿದರೆ, ಯೋಚಿಸಲು ಬೇಕಾದ ದೂರವನ್ನೇ ಪರದೆ ಕಿತ್ತುಕೊಳ್ಳುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ವರ್ತೂರಿನ ಬಳಿ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಹಿಡಿಯಲು ಹೋದವರಲ್ಲಿ ಕೆಲವರಿಗೆ ಗಾಯವಾಯಿತು, ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರಲ್ಲೊಬ್ಬರು. ಈಜುಕೊಳದ ಪಕ್ಕದಲ್ಲಿ ಚಿರತೆ ಅವರ ಮೇಲೆ ಎರಗಿದ ದೃಶ್ಯವನ್ನು ಟೀವಿಗಳು ಬಿಡದೆ ತೋರಿಸಿದವು. ಕೆಲವೇ ದಿನಗಳಲ್ಲಿ ಇನ್ನೊಂದು ಚಿರತೆ ಕಂಡಿತಂತೆ ಎಂಬ ಸುದ್ದಿ ಹಬ್ಬಿ, ಆ ಭಾಗದ ನೂರಕ್ಕೂ ಹೆಚ್ಚು ಶಾಲೆಗಳು ಬಾಗಿಲು ಹಾಕಿದವು. ಅಲ್ಲಿನ ತಾಯಂದಿರನ್ನು ನಾನು ದೂರುವುದಿಲ್ಲ. ಕಣ್ಣಿಗೆ ಕಟ್ಟಿದ ಚಿತ್ರ ಎಷ್ಟು ಸುಲಭವಾಗಿ ನೆನಪಿಗೆ ಬರುತ್ತದೋ ಅಷ್ಟೇ ಸುಲಭವಾಗಿ ಅದು ಮತ್ತೆ ನಡೆದೀತು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ ಎಂದು ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನಮನ್ 1973ರಲ್ಲೇ ತೋರಿಸಿದ್ದರು. ಆ ಚಿತ್ರವನ್ನು ದಿನವಿಡೀ ತಿರುಗಿ ತಿರುಗಿ ತೋರಿಸಿದವರಿಗೆ ಇದು ಗೊತ್ತಿರಬೇಕಿತ್ತು.

ಇಂಥ ಸಂದರ್ಭದಲ್ಲಿ ತಿಳಿದವರು ಅಂಕಿಅಂಶ ಹಿಡಿದು ಬರುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂಬ ಅಂದಾಜಿದೆ. ಹುಲಿಯಿಂದ ಸಾಯುವವರು ಇವುಗಳ ಮುಂದೆ ತೀರಾ ಕಡಿಮೆ. ಹಾಗಿರುವಾಗ ಬೈಕ್ ಹತ್ತಲು ಹೆದರದವನು ಹುಲಿಗೆ ಯಾಕೆ ಹೆದರಬೇಕು ಎಂಬ ವಾದ. ಪಾಲ್ ಸ್ಲೋವಿಕ್ ಎಂಬ ಮನಃಶಾಸ್ತ್ರಜ್ಞ ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಜನ ಅಪಾಯವನ್ನು ಅಳೆಯುವುದು ಹೆಣಗಳ ಎಣಿಕೆಯಿಂದಲ್ಲ. ನನ್ನ ಹತೋಟಿಯಲ್ಲಿದೆಯೇ, ನಾನೇ ಒಪ್ಪಿ ಮೈಮೇಲೆ ಹಾಕಿಕೊಂಡದ್ದೇ, ಮುಂಚೆ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗಳಿಂದ ಅಳೆಯುತ್ತಾರೆ. ಬೈಕಿನ ಬ್ರೇಕು ನನ್ನ ಕೈಯಲ್ಲಿದೆ, ಹುಲಿಯದ್ದು ಏನೂ ನನ್ನ ಕೈಯಲ್ಲಿಲ್ಲ.

ಇದಕ್ಕೆ ನನ್ನದೊಂದು ಮಾತು ಸೇರಿಸಬೇಕು. ಆ ಸರಾಸರಿ ಯಾರದು? ದೇಶದ ನೂರ ನಲವತ್ತು ಕೋಟಿ ಜನಕ್ಕೆ ಹಂಚಿದರೆ ಹುಲಿಯ ಅಪಾಯ ಸೊನ್ನೆಯ ಹತ್ತಿರ. ಆದರೆ ಹುಲಿ ಆ ಕೋಟಿಗಳ ನಡುವೆ ಓಡಾಡುವುದಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಅವುಗಳಲ್ಲಿ ಬಹುಪಾಲು ಬಂಡೀಪುರ, ನಾಗರಹೊಳೆ ಮತ್ತು ಸುತ್ತಲಿನ ಕಾಡುಗಳಲ್ಲಿವೆ. ಅಪಾಯವೆಲ್ಲ ಬೀಳುವುದು ಅಲ್ಲಿನ ಅಂಚಿನಲ್ಲಿ ದನ ಮೇಯಿಸುವವನ ಮೇಲೆ, ಸೌದೆಗೆ ಹೋಗುವವಳ ಮೇಲೆ, ಹೊತ್ತು ಮುಳುಗಿದ ಮೇಲೆ ಬಯಲಿಗೆ ಹೋಗಬೇಕಾದ ಹೆಂಗಸಿನ ಮೇಲೆ. ಅವರ ಮುಂದೆ ದೇಶದ ಸರಾಸರಿ ಹೇಳುವುದು ಅನ್ಯಾಯ. ಅವರ ಭಯಕ್ಕೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳುವುದು ಇನ್ನೂ ದೊಡ್ಡ ಅನ್ಯಾಯ.

ಲೆಕ್ಕವನ್ನೇ ಅವರು ದಿನವೂ ಮಾಡುತ್ತಿರುತ್ತಾರೆ. ನಾನು ಚಿಕ್ಕವಳಿದ್ದಾಗ ಅವ್ವ ಹುರುಳಿ ಹೊಲಕ್ಕೆ ಕರೆದುಕೊಂಡು ಹೋಗುವಾಗ ದಾರಿಯ ದೂಳನ್ನು ನೋಡುತ್ತಾ ನಡೆಯುತ್ತಿದ್ದಳು. ಹೆಜ್ಜೆ ಹಳೆಯದೋ ಹೊಸದೋ, ಅದರ ಮೇಲೆ ಇಬ್ಬನಿ ಬಿದ್ದಿದೆಯೋ, ಇರುವೆ ಹರಿದಿದೆಯೋ. ಲಂಗೂರ್ ಕೂಗಿದರೆ ನಿಲ್ಲುವುದು. ಕಡವೆ ಕೂಗಿದರೆ ಆ ದಿಕ್ಕು ಬಿಡುವುದು. ನಾಯಿ ಬೊಗಳುತ್ತಿದ್ದುದು ಇದ್ದಕ್ಕಿದ್ದಂತೆ ಸುಮ್ಮನಾಗಿ ಜಗುಲಿಯ ಕೆಳಗೆ ತೂರಿಕೊಂಡರೆ ಕೊಟ್ಟಿಗೆಯ ಬಾಗಿಲು ನೋಡುವುದು. ಬಗ್ಗಿ ಕಳೆ ಕೀಳುವಾಗ ಒಬ್ಬರಾದರೂ ನಿಂತಿರಬೇಕು, ಏಕೆಂದರೆ ಬಗ್ಗಿದವರು ಪ್ರಾಣಿಯ ಕಣ್ಣಿಗೆ ನಾಲ್ಕು ಕಾಲಿನ ಜೀವದ ಎತ್ತರದಲ್ಲಿರುತ್ತಾರೆ. ಅವಳು ಹುಲಿಗೆ ಹೆದರುತ್ತಿದ್ದಳೇ ಎಂದರೆ ಖಂಡಿತ ಹೆದರುತ್ತಿದ್ದಳು. ಆದರೆ ಆ ಹೆದರಿಕೆಗೆ ಜಾಗ, ಹೊತ್ತು, ದಿಕ್ಕು ಇದ್ದವು. ಬೆಳಗಿನ ಹೊಲಕ್ಕೊಂದು ಹೆದರಿಕೆ, ಸಂಜೆಯ ಕೆರೆಗೊಂದು. ಮನೆಯೊಳಗೆ ಬಂದರೆ ಇಲ್ಲ. ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಅವಳದ್ದು ಭಯ, ವಿಡಿಯೊ ನೋಡಿ ರಾತ್ರಿಯಿಡೀ ನಿದ್ದೆಗೆಟ್ಟ ನನ್ನ ನೆರೆಮನೆಯವರದ್ದು ಆತಂಕ. ಭಯಕ್ಕೆ ಎದುರಿಗೊಂದು ವಸ್ತುವಿರುತ್ತದೆ. ಆತಂಕಕ್ಕೆ ಎಲ್ಲಿ ಎಂಬುದೇ ಗೊತ್ತಿಲ್ಲ, ಹಾಗಾಗಿ ಅದು ಮುಗಿಯುವುದೂ ಇಲ್ಲ.

ದೇವರೂ ಈ ಲೆಕ್ಕದೊಳಗೇ ಇದ್ದ. ನಮ್ಮ ಕಡೆ ಮಾದಪ್ಪ ಹುಲಿಯ ಮೇಲೆ ಕೂತು ಬರುತ್ತಾನೆ. ಬಿಳಿಗಿರಿಯ ಸೋಲಿಗರಿಗೆ ಹುಲಿವೀರಪ್ಪನಿದ್ದಾನೆ. ಮಹಾರಾಷ್ಟ್ರದ ವಾರ್ಲಿಗಳು ವಾಘೋಬನಿಗೆ ಪೂಜೆ ಕೊಡುತ್ತಾರೆ. ಸುಂದರಬನದಲ್ಲಿ ಜೇನಿಗೆ ಹೋಗುವವರು ಬನಬೀಬಿಗೆ ಕೈಮುಗಿಯದೆ ಕಾಡಿಗೆ ಕಾಲಿಡುವುದಿಲ್ಲ. ಹತೋಟಿಯಲ್ಲಿಲ್ಲದ ಒಂದು ಜೀವದೊಡನೆ ಮಾತುಕತೆ ಸಾಧ್ಯ, ಅದಕ್ಕೊಬ್ಬ ಯಜಮಾನನಿದ್ದಾನೆ, ಆತನಿಗೆ ನಾವು ನಡೆದುಕೊಂಡರೆ ಅದು ನಮ್ಮ ದಾರಿಗೆ ಬರದು ಎಂಬ ನಂಬಿಕೆ ಸ್ಲೋವಿಕ್ ಹೇಳಿದ ಹತೋಟಿಯ ಪ್ರಶ್ನೆಗೆ ಊರು ಕಂಡುಕೊಂಡ ಉತ್ತರ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈ ಏರ್ಪಾಡು ಮುರಿಯುವುದೂ ಉಂಟು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಸತ್ತರು, ಅವರಲ್ಲಿ ಓದುವ ಮಕ್ಕಳಿದ್ದರು. ಅದು ಕಬ್ಬಿನ ಸೀಮೆ. ಕಾಡಿನಲ್ಲಾದರೆ ಕೋತಿ ಕಡವೆಗಳು ಕೂಗಿ ಹೇಳುತ್ತವೆ, ಆಳೆತ್ತರದ ಕಬ್ಬಿನೊಳಗಿರುವುದನ್ನು ಹೇಳುವವರಿಲ್ಲ. ಮನೆಯ ಹಿತ್ತಿಲೇ ಅಪಾಯದ ಜಾಗವಾದಾಗ ಯಾವ ಹೊತ್ತು, ಎತ್ತ ಕಡೆ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲವಾಯಿತು. ಸಂಜೆಯಾದರೆ ಬೀದಿಗಳು ಖಾಲಿಯಾದವು.

ಉತ್ತರ ಸಿಗದ ಭಯ ಬಹಳ ದಿನ ಭಯವಾಗಿಯೇ ಉಳಿಯುವುದಿಲ್ಲ, ಸಿಟ್ಟಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಮ್ಮದೇ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿಗೆಂದು ಇಟ್ಟಿದ್ದ ಬೋನಿಗೆ ಊರಿನವರು ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಆ ವಿಡಿಯೊ ನೋಡಿ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಬೋನಿನೊಳಗಿದ್ದವರೂ ಸಂಬಳಕ್ಕೆ ಕಾಡು ಸುತ್ತುವ ನಮ್ಮಂಥ ಮನೆಗಳ ಮಕ್ಕಳು. ಹುಲಿಯನ್ನು ಕೂಡಿಹಾಕಲಾಗದ ಕೈ, ಸಿಕ್ಕವರನ್ನು ಕೂಡಿಹಾಕಿತು. ಅದೇ ವರ್ಷದ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಹೆಣ್ಣು ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತುಬಿದ್ದವು. ಮಾದಪ್ಪನ ಬೆಟ್ಟದಲ್ಲಿ ಹಾಗಾಯಿತಲ್ಲ ಎಂದು ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಸು ಕಳಕೊಂಡವನ ಹೊಟ್ಟೆ ಉರಿದಿರ್ತದೆ ಕಣವ್ವ, ಅಂದರೂ ಮರಿ ಏನು ಮಾಡಿದ್ದವು ಎಂದಳು.

ಸುಂದರಬನದಲ್ಲಿ ಹುಲಿಗೆ ಸಿಕ್ಕವರ ಹೆಂಡತಿಯರನ್ನು ಹುಲಿ ವಿಧವೆಯರು ಎಂದೇ ಕರೆಯುತ್ತಾರೆ. ಗಂಡನನ್ನು ನುಂಗಿದವಳು ಎಂಬ ಬೈಗುಳ, ಒಳ್ಳೆಯ ಕೆಲಸಗಳಿಗೆ ಕರೆಯದಿರುವುದು, ವರ್ಷಗಳವರೆಗೆ ಬಿಡದ ದುಃಸ್ವಪ್ನ ಇವೆಲ್ಲವನ್ನೂ ಅಲ್ಲಿನ ಮನೋವೈದ್ಯ ಅರವಿಂದ ಚೌಧುರಿ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ನಮ್ಮಲ್ಲಿ ದಾಳಿಯಾದ ಮನೆಗೆ ಪರಿಹಾರದ ಚೆಕ್ಕು ಬರುತ್ತದೆ, ಫೋಟೊ ತೆಗೆಯುತ್ತಾರೆ. ಅಪ್ಪ ಸತ್ತ ಹೊಲದ ಪಕ್ಕದಲ್ಲೇ ದಿನವೂ ಶಾಲೆಗೆ ನಡೆದು ಹೋಗಬೇಕಾದ ಹುಡುಗಿಯ ಜೊತೆ ಕೂತು ಮಾತಾಡುವವರು ಬರುವುದಿಲ್ಲ. ನನ್ನ ವಿದ್ಯೆ ಬೇಕಾದದ್ದು ಅಲ್ಲಿ.

ಬೋನಿನ ಬಗ್ಗೆಯೂ ಒಂದು ಮಾತು. ಚಿರತೆ ಕಂಡ ಕೂಡಲೇ ಬೋನಿಡಿ ಎಂದು ಜನ ಕೇಳುವುದು ಸಹಜ. ಇಲಾಖೆ ತಂದಿಡುತ್ತದೆ, ಊರಿಗೆ ನೆಮ್ಮದಿಯಾಗುತ್ತದೆ. ಹೀಗೆ ಹಿಡಿದ ಚಿರತೆಗಳನ್ನು ಬೇರೆಡೆ ಬಿಟ್ಟರೆ ಏನಾಗುತ್ತದೆಂದು ಮಹಾರಾಷ್ಟ್ರದ ಜುನ್ನರ್‌ನಲ್ಲಿ ವಿದ್ಯಾ ಆತ್ರೇಯ ಅಧ್ಯಯನ ಮಾಡಿದರು. 2000ದ ಸುಮಾರಿಗೆ ಅಲ್ಲಿ ಚಿರತೆಗಳನ್ನು ಹಿಡಿದು ಹಿಡಿದು ಸಾಗಿಸಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದ್ದವು. ಅದೇ ಆತ್ರೇಯ ಮುಂದೆ ಅಕೋಲೆಯ ಕಬ್ಬಿನ ಗದ್ದೆಗಳಲ್ಲಿ ಕ್ಯಾಮೆರಾ ಕಟ್ಟಿ ನೋಡಿದಾಗ, ಕಾಡೇ ಇಲ್ಲದ ಆ ಊರುಗಳ ನಡುವೆ ನೂರು ಚದರ ಕಿಲೋಮೀಟರಿಗೆ ಸುಮಾರು ಐದು ದೊಡ್ಡ ಚಿರತೆಗಳು ಬದುಕಿದ್ದವು. ಅಧ್ಯಯನದ ಕಾಲದಲ್ಲಿ ಅವು ಯಾರನ್ನೂ ಕೊಂದಿರಲಿಲ್ಲ. ಅವೂ ನಮಗೆ ಹೆದರುತ್ತವೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಫ್ರಿಕಾದ ಕ್ರೂಗರ್ ಕಾಡಿನ ನೀರಿನ ಹೊಂಡಗಳ ಬಳಿ ಲಿಯಾನಾ ಜನೆಟ್ ತಂಡ ಸಿಂಹದ ಸದ್ದನ್ನೂ ಮನುಷ್ಯರು ಸಹಜವಾಗಿ ಮಾತಾಡುವ ಸದ್ದನ್ನೂ ಕೇಳಿಸಿತು. ಮನುಷ್ಯರ ಮಾತಿಗೆ ಪ್ರಾಣಿಗಳು ಓಡಿಹೋಗುವ ಸಾಧ್ಯತೆ ಸಿಂಹದ ಸದ್ದಿಗಿಂತ ಎರಡು ಪಟ್ಟು ಇತ್ತು. ಹೊಲಕ್ಕೆ ಹೋಗುವಾಗ ಗಟ್ಟಿಯಾಗಿ ಮಾತಾಡುತ್ತಾ ಹೋಗಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಭಯವನ್ನು ತೆಗೆದುಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದಕ್ಕೆ ಅದರ ದೂರವನ್ನು ಹಿಂದಿರುಗಿಸಬೇಕು. ತಮಿಳುನಾಡಿನ ವಾಲ್ಪಾರೈನಲ್ಲಿ ಅದನ್ನು ಮಾಡಿದ್ದಾರೆ. ಅಲ್ಲಿನ ಕಥೆ ಆನೆಯದು, ಆದರೆ ಮನಸ್ಸಿನ ಕೆಲಸ ಒಂದೇ. ಆನಂದಕುಮಾರ್ ಮತ್ತು ಸಂಗಡಿಗರು ಚಹಾ ತೋಟದ ಕೂಲಿಗಳ ಫೋನಿಗೆ ಆ ಸಂಜೆ ಆನೆಗಳು ಎಲ್ಲಿವೆ ಎಂದು ಸಂದೇಶ ಕಳಿಸುವ ಏರ್ಪಾಡು ಮಾಡಿದರು. ಕವಲು ದಾರಿಗಳಲ್ಲಿ ಎತ್ತರದ ಕಂಬಕ್ಕೆ ಕೆಂಪು ದೀಪ ಹಾಕಿಸಿದರು. ದೀಪ ಉರಿಯುತ್ತಿದ್ದರೆ ಹತ್ತಿರದಲ್ಲಿ ಆನೆಯಿದೆ, ಇಲ್ಲದಿದ್ದರೆ ಮನೆಗೆ ನಡೆ. ಅಲ್ಲಿ ಆನೆಯಿಂದ ಸಾಯುವವರ ಸಂಖ್ಯೆ ಇಳಿಯಿತು.

ನಮ್ಮ ಊರಿನಲ್ಲಿ ಇನ್ನೂ ಅಂಥ ದೀಪವಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ಅರಿಶಿನಕ್ಕೆ ನೀರು ಕಟ್ಟಲು ನನ್ನ ತಮ್ಮ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದೊಣ್ಣೆ ಹಿಡಿದು ಒಬ್ಬನೇ ಹೊಲಕ್ಕೆ ಹೋಗುತ್ತಾನೆ. ಹಗಲಿನಲ್ಲಿ ಕರೆಂಟು ಕೊಡಿ ಎಂದು ಊರಿನವರು ಸಹಿ ಹಾಕಿದ ಅರ್ಜಿಯನ್ನು ಮತ್ತೆ ಬರೆಯುತ್ತಿದ್ದಾರೆ. ಈ ಸಲ ಅದರಲ್ಲಿ ಕಾಡಂಚಿನ ಹೊಲಗಳ ಸರ್ವೆ ನಂಬರನ್ನೂ, ಹೆಜ್ಜೆ ಕಂಡ ಜಾಗ ಮತ್ತು ಹೊತ್ತನ್ನೂ ಸೇರಿಸಿ ಎಂದು ಅವ್ವ ಹೇಳಿದ್ದಾಳೆ. ಬರೆದುಕೊಡುವ ಕೆಲಸ ನನಗೆ ಬಂದಿದೆ.